ಎಷ್ಟು ನೀರು ಗೊತ್ತು, ಎಂಥ ನೀರು?

ಜುಲೈ ಕಾಲಿಟ್ಟಿತೆಂದರೆ ಕೊಪ್ಪಳ ಜಿಲ್ಲೆಯಲ್ಲಿ ಕುಶಲೋಪರಿಗಿಂತ ಮೊದಲು ಬರುವ ಪ್ರಶ್ನೆ ಒಂದೇ: ‘ಡ್ಯಾಂ ಎಷ್ಟಾತು?’ ಗಂಗಾವತಿಯ ಅಕ್ಕಿ ಗಿರಣಿಯ ಹಮಾಲರಿಂದ ಹಿಡಿದು ಮುನಿರಾಬಾದಿನ ಚಹಾದಂಗಡಿಯಲ್ಲಿ ಪೇಪರ್ ಓದುವ ನಿವೃತ್ತ ಮೇಷ್ಟ್ರವರೆಗೆ ಎಲ್ಲರಿಗೂ ಆ ಲೆಕ್ಕ ಬೇಕು. ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು, ಮಟ್ಟ ಎಷ್ಟು ಅಡಿ, ಸಂಗ್ರಹ ಎಷ್ಟು ಟಿಎಂಸಿ ಎಂಬುದು ಬೆಳಗಿನ ಹೊತ್ತಿಗೇ ಮೊಬೈಲಿನಿಂದ ಮೊಬೈಲಿಗೆ ಹರಿದಿರುತ್ತದೆ. ತುಂಗಭದ್ರಾ ಜಲಾಶಯದ ಪೂರ್ಣಮಟ್ಟ 1633 ಅಡಿ ಎಂಬುದು ಇಲ್ಲಿನ ಶಾಲೆಯ ಮಕ್ಕಳಿಗೂ ಬಾಯಿಪಾಠ.

2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ ಇಡೀ ಜಿಲ್ಲೆ ನಿದ್ದೆಗೆಟ್ಟಿತು. ಭೋರ್ಗರೆಯುವ ನೀರಿನ ನಡುವೆಯೇ ಸ್ಟಾಪ್‌ಲಾಗ್ ಇಳಿಸಿ ಹರಿವು ತಡೆದ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಜನ ಮನೆಯ ಹಿರಿಯರಂತೆ ಕೊಂಡಾಡಿದರು. ಮರುವರ್ಷ ಗೇಟುಗಳ ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದಾಗ ಎರಡನೇ ಬೆಳೆಯ ಚಿಂತೆ ಮನೆಮನೆಯ ಚಿಂತೆಯಾಯಿತು. ನೀರಿನ ಪ್ರಮಾಣದ ಬಗ್ಗೆ ಇಷ್ಟು ಎಚ್ಚರವಾಗಿರುವ ಜನ ನಾಡಿನಲ್ಲಿ ಬೇರೆಡೆ ಸಿಗುವುದು ಕಷ್ಟ.

ಅದೇ ಜನರನ್ನು, ಆ ನೀರಿನಲ್ಲಿ ಏನಿದೆ ಎಂದು ಕೇಳಿ ನೋಡಿ. ಜಲಾಶಯ ಹಸಿರುಗಟ್ಟಿದಾಗ ಅದರಲ್ಲಿ ಬೆಳೆದದ್ದು ಯಾವ ಪಾಚಿ? ಗದ್ದೆಯಿಂದ ಬಸಿದು ಹಳ್ಳಕ್ಕೆ ಬಂದ ನೀರಿನಲ್ಲಿ ಉಪ್ಪು ಎಷ್ಟು? ಕುಷ್ಟಗಿ ತಾಲ್ಲೂಕಿನ ಹಳ್ಳಿಯ ಬೋರ್‌ವೆಲ್ಲಿನಲ್ಲಿ ಫ್ಲೋರೈಡ್ ಎಷ್ಟು ಮಿಲಿಗ್ರಾಂ? ಉತ್ತರ ಹೇಳುವವರು ಬೆರಳೆಣಿಕೆಯಷ್ಟು ಮಂದಿ. ವಿಜ್ಞಾನಿಗಳು ಈ ಪ್ರಶ್ನೆಗಳನ್ನು ಕೇಳಿಲ್ಲವೆಂದಲ್ಲ. ಎಪ್ಪತ್ತು ವರ್ಷಗಳಿಂದ ಕೇಳುತ್ತಲೇ ಇದ್ದಾರೆ, ಅಳೆಯುತ್ತಲೇ ಇದ್ದಾರೆ. ಅಳೆದದ್ದು ಬುಲೆಟಿನ್ನುಗಳಲ್ಲಿ, ಪಿಎಚ್‌.ಡಿ. ಪ್ರಬಂಧಗಳಲ್ಲಿ, ಇಲಾಖೆಯ ಕಡತಗಳಲ್ಲಿ ಉಳಿಯಿತು. ಬಿಂದಿಗೆಯ ತನಕ ಬರಲಿಲ್ಲ. ನನ್ನ ತಕರಾರು ಇಷ್ಟೇ, ಆದರೆ ಇದು ಸಣ್ಣ ತಕರಾರಲ್ಲ.

ಮೊದಲು ಆ ಬುಲೆಟಿನ್ನುಗಳ ಕಥೆ. 1945ರ ಫೆಬ್ರುವರಿ 28ರಂದು ನದಿಯ ಒಂದು ದಂಡೆಯಲ್ಲಿ ಹೈದರಾಬಾದ್ ಸಂಸ್ಥಾನದ ಯುವರಾಜ, ಇನ್ನೊಂದು ದಂಡೆಯಲ್ಲಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್ ಅಡಿಗಲ್ಲಿಟ್ಟ ಅಣೆಕಟ್ಟೆಯಲ್ಲಿ 1953ರ ಹೊತ್ತಿಗೆ ನೀರು ನಿಂತಿತು. ಹರಿಯುವ ಹೊಳೆ ಸುಮಾರು 378 ಚದರ ಕಿ.ಮೀ. ಹರಹಿನ ನಿಂತ ನೀರಾಯಿತು. ಹೊಳೆಯ ಮೀನಿಗೂ ಹೊಳೆಯ ಪಾಚಿಗೂ ಅದು ಹೊಸ ಲೋಕ. ಅಲ್ಲಿ ಏನಾಗುತ್ತದೆ ಎಂದು ನೋಡಲು ಬಂದವರು ಪಶ್ಚಿಮ ಬಂಗಾಳದ ಬ್ಯಾರಕ್‌ಪುರದಲ್ಲಿ ಕೇಂದ್ರ ಕಚೇರಿಯಿದ್ದ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು. ಬಿ.ವಿ. ಗೋವಿಂದ್ 1963ರಲ್ಲಿ ಈ ಜಲಾಶಯದ ಪ್ಲವಕಗಳ ಬಗ್ಗೆ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳ ಬಗ್ಗೆ, ಪ್ರಾಥಮಿಕ ಅಧ್ಯಯನ ಪ್ರಕಟಿಸಿದರು. 1969ರಲ್ಲಿ ಎ. ಡೇವಿಡ್ ಮತ್ತು ಸಂಗಡಿಗರು ಇಡೀ ಜಲಾಶಯದ ಸರೋವರ ವಿಜ್ಞಾನ ಮತ್ತು ಮೀನುಗಾರಿಕೆಯ ಮೇಲೆ ದೊಡ್ಡದೊಂದು ಬುಲೆಟಿನ್ನನ್ನೇ ಹೊರತಂದರು. ಇದೇ ಡೇವಿಡ್ ಅದಕ್ಕೂ ಮೊದಲೇ, 1956ರಲ್ಲಿ, ಮೇಲ್ಭಾಗದ ಭದ್ರಾವತಿಯಲ್ಲಿ ಕಾರ್ಖಾನೆಗಳ ತ್ಯಾಜ್ಯ ಭದ್ರಾ ನದಿಯ ಮೀನುಗಳಿಗೆ ಏನು ಮಾಡುತ್ತಿದೆ ಎಂದು ಬರೆದಿದ್ದರು. ‘ಪರಿಸರ ಮಾಲಿನ್ಯ’ ಎಂಬ ಮಾತು ನಮ್ಮ ಪತ್ರಿಕೆಗಳಿಗೆ ಇನ್ನೂ ರೂಢಿಯಾಗದ ಕಾಲವದು. ಆ ಹೆಸರುಗಳನ್ನು ಮುನಿರಾಬಾದಿನಲ್ಲಾಗಲಿ ಹೊಸಪೇಟೆಯಲ್ಲಾಗಲಿ ಒಂದು ಫಲಕದ ಮೇಲೆ ಬರೆದಿಟ್ಟಿದ್ದರೆ ಚೆನ್ನಾಗಿತ್ತು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಸರೋವರ ವಿಜ್ಞಾನವೆಂದರೆ ದೊಡ್ಡ ಯಂತ್ರಗಳ ವಿದ್ಯೆ ಎಂದುಕೊಳ್ಳಬೇಕಿಲ್ಲ. ಅದರ ಅತಿ ಹಳೆಯ, ಈಗಲೂ ಬಳಕೆಯಲ್ಲಿರುವ ಸಾಧನವನ್ನು ಯಾವ ಹೈಸ್ಕೂಲಿನ ಹುಡುಗಿಯಾದರೂ ಮಾಡಿಕೊಳ್ಳಬಹುದು. ಇಪ್ಪತ್ತು ಸೆಂಟಿಮೀಟರ್ ಅಗಲದ ಒಂದು ಲೋಹದ ತಟ್ಟೆ. ಅದನ್ನು ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡಕ್ಕೆ ಕಪ್ಪು, ಇನ್ನೆರಡಕ್ಕೆ ಬಿಳಿ ಬಣ್ಣ ಬಳಿಯಬೇಕು. ನಡುವೆ ತೂತು ಕೊರೆದು, ಅಳತೆಯ ಗುರುತು ಹಾಕಿದ ಹಗ್ಗ ಪೋಣಿಸಿ, ಅಡಿಯಲ್ಲಿ ಭಾರ ಕಟ್ಟಬೇಕು. ತೆಪ್ಪದ ನೆರಳಿನ ಬದಿಯಿಂದ ತಟ್ಟೆಯನ್ನು ಮೆಲ್ಲಗೆ ಇಳಿಬಿಡುತ್ತಾ ಹೋದರೆ ಒಂದು ಆಳದಲ್ಲಿ ಕಪ್ಪು ಬಿಳುಪು ಕಲೆಸಿ ಕಣ್ಣಿಗೆ ಕಾಣದಂತಾಗುತ್ತದೆ. ಆ ಆಳ ಬರೆದುಕೊಳ್ಳಬೇಕು. ಮತ್ತೆ ಮೇಲಕ್ಕೆಳೆದಾಗ ಎಲ್ಲಿ ಕಂಡಿತೋ ಅದನ್ನೂ ಬರೆದು ಎರಡರ ಸರಾಸರಿ ತೆಗೆಯಬೇಕು. ಅಷ್ಟೇ. 1865ರಲ್ಲಿ ಇಟಲಿಯ ಪಾದ್ರಿ, ಖಗೋಳಜ್ಞ ಆಂಜೆಲೊ ಸೆಕಿ ಸಮುದ್ರದಲ್ಲಿ ಪರೀಕ್ಷಿಸಿ ನೋಡಿದ ವಿಧಾನವಿದು. ಮಳೆಗಾಲದಲ್ಲಿ ಮಲೆನಾಡಿನ ಕೆಂಪುನೀರು ಬಂದಾಗ ತಟ್ಟೆ ಬೇಗ ಮರೆಯಾಗುತ್ತದೆ. ಮಣ್ಣು ತಳಕ್ಕಿಳಿದ ಮೇಲೆ ಆಳದವರೆಗೂ ಕಾಣುತ್ತದೆ. ಪಾಚಿ ಹಬ್ಬಿದರೆ ಮತ್ತೆ ಮೇಲೆಯೇ ಮರೆಯಾಗುತ್ತದೆ. ಒಂದೇ ಜಾಗದಲ್ಲಿ ವಾರಕ್ಕೊಮ್ಮೆ ಅಳೆದು ಐದು ವರ್ಷ ಬರೆದಿಟ್ಟರೆ ಆ ನೋಟ್‌ಬುಕ್ಕಿಗೆ ಪ್ರಯೋಗಾಲಯದ ವರದಿಯಷ್ಟೇ ಬೆಲೆ.

ಹಿನ್ನೀರು ಈಚಿನ ವರ್ಷಗಳಲ್ಲಿ ಹಲವು ಸಲ ಹಸಿರಾಗಿದೆ. ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ, ನೋಡಿದವರು ಗಾಬರಿಯಾಗುತ್ತಾರೆ, ನಾಲ್ಕು ದಿನಕ್ಕೆ ಮರೆಯುತ್ತಾರೆ. ನಿಂತ, ಬೆಚ್ಚಗಿನ, ರಂಜಕ ಹೆಚ್ಚಾದ ನೀರಿನಲ್ಲಿ ಹೀಗೆ ಹಬ್ಬುವುದು ಹೆಚ್ಚಾಗಿ ನೀಲಿ-ಹಸಿರು ಪಾಚಿ. ನಿಜವಾಗಿ ಅದು ಪಾಚಿಯೂ ಅಲ್ಲ, ಬೆಳಕಿನಿಂದ ಅನ್ನ ಮಾಡಿಕೊಳ್ಳುವ ಒಂದು ಬಗೆಯ ಬ್ಯಾಕ್ಟೀರಿಯಾ. ಅದರ ಜೀವಕೋಶದೊಳಗೆ ಗಾಳಿ ತುಂಬಿದ ಸಣ್ಣ ಕೊಳವೆಗಳಿರುತ್ತವೆ. ಅವುಗಳ ಬಲದಿಂದ ಬೆಳಗಾಗುತ್ತಲೇ ಮೇಲೆದ್ದು ಬರುತ್ತದೆ, ಗಾಳಿ ಬೀಸಿದ ಕಡೆ ದಡಕ್ಕೆ ಬಂದು ಕೆನೆಗಟ್ಟುತ್ತದೆ. ಇದರಲ್ಲಿ ಮೈಕ್ರೊಸಿಸ್ಟಿಸ್ ಎಂಬ ಪಂಗಡದ ಕೆಲವು ತಳಿಗಳು ಯಕೃತ್ತಿಗೆ ಹಾನಿ ಮಾಡುವ ವಿಷ ಉತ್ಪಾದಿಸುತ್ತವೆ. ಆ ವಿಷದ ಮುಖ್ಯ ಬಗೆಗೆ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲ ಕುಡಿಯುವ ನೀರಿನಲ್ಲಿ ಇಟ್ಟಿರುವ ಮಿತಿ ಲೀಟರಿಗೆ 1 ಮೈಕ್ರೊಗ್ರಾಂ. ನೀರು ಕುದಿಸಿದರೆ ಅದು ಹೋಗುವುದಿಲ್ಲ. ಕೋಶ ಒಡೆದು ವಿಷ ನೀರಿಗೇ ಬಿಡುಗಡೆಯಾಗುತ್ತದೆ. ‘ಕುದಿಸಿ ಆರಿಸಿ ಕುಡಿಯಿರಿ’ ಎಂಬ ಸಲಹೆ ಕಾಲರಾಕ್ಕೆ, ಆಮಶಂಕೆಗೆ ಸರಿ. ಹಸಿರು ನೀರಿಗೆ ಅದೇ ಸಲಹೆ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಹಬ್ಬಿದ ಪಾಚಿಯಲ್ಲಿ ವಿಷವಿದೆಯೋ ಇಲ್ಲವೋ ಎಂಬುದನ್ನು ಕಣ್ಣು ಹೇಳಲಾರದು. ಪ್ರತಿ ಸಲವೂ ಸೂಕ್ಷ್ಮದರ್ಶಕದಡಿ ನೋಡಿ, ಪರೀಕ್ಷೆ ಮಾಡಿ, ಫಲಿತಾಂಶವನ್ನು ಅದೇ ವಾರ ಜನರಿಗೆ ಹೇಳಬೇಕು.

ನೀರು ಹೀಗೆ ಹಸಿರುಗಟ್ಟಲು ಕಾರಣವೇನು ಎಂಬ ಪ್ರಶ್ನೆಗೆ ಜಗತ್ತಿನ ಅತಿ ಸ್ಪಷ್ಟ ಉತ್ತರ ಸಿಕ್ಕಿದ್ದು ಕೆನಡಾದ ಒಂಟಾರಿಯೊದ ಒಂದು ಕಾಡುಸರೋವರದಲ್ಲಿ. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಅವರ ತಂಡ 226 ಎಂಬ ಸಂಖ್ಯೆಯ ಸರೋವರದ ನಡುವೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ಎರಡು ಪಾಲು ಮಾಡಿತು. ಎರಡೂ ಕಡೆಗೆ ಸಾರಜನಕ, ಇಂಗಾಲ ಸುರಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಪಾಲು ಹಸಿರುಗಟ್ಟಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ವಿಮಾನದಿಂದ ತೆಗೆದ ಆ ಒಂದು ಚಿತ್ರ ರಂಜಕ ಬೆರೆಸಿದ ಸೋಪಿನ ಪುಡಿಯ ಬಗ್ಗೆ ಎಷ್ಟೋ ದೇಶಗಳ ಕಾನೂನನ್ನೇ ಬದಲಿಸಿತು. ನಮ್ಮ ಜಲಾಶಯದ ಮೇಲ್ಭಾಗದಲ್ಲಿ ಶಿವಮೊಗ್ಗ, ಭದ್ರಾವತಿ, ದಾವಣಗೆರೆ, ಹರಿಹರಗಳಿವೆ. ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆ, ಅಡಿಕೆ ತೋಟಗಳಿವೆ. ಊರಿನ ಚರಂಡಿ ಮತ್ತು ಹೊಲದ ಗೊಬ್ಬರ ಎರಡೂ ಕೂಡ್ಲಿ ಸಂಗಮದ ಕೆಳಗೆ ಒಂದೇ ಹೊಳೆಯಲ್ಲಿ ಬರುತ್ತವೆ. 1980ರ ದಶಕದಲ್ಲಿ ಹರಿಹರದ ಕೆಳಗೆ ಮೀನುಗಳು ರಾಶಿರಾಶಿಯಾಗಿ ಸತ್ತಾಗ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಮತ್ತು ಹೊಳೆದಂಡೆಯ ಜನ ಬೀದಿಗಿಳಿದು, ಕೋರ್ಟಿಗೂ ಹೋಗಿ ಹೋರಾಡಿದ್ದು ಈ ನದಿಯ ಚರಿತ್ರೆಯ ದೊಡ್ಡ ಅಧ್ಯಾಯ. ಅಂದು ಸತ್ತ ಮೀನು ಕಣ್ಣಿಗೆ ಕಾಣುತ್ತಿತ್ತು. ರಂಜಕ ಕಾಣುವುದಿಲ್ಲ, ಅದಕ್ಕೇ ಅದರ ಬಗ್ಗೆ ಚಳವಳಿ ಕಟ್ಟುವುದು ಕಷ್ಟ.

ಹೂಳಿನ ಮಾತು ಬೇರೆ. ಅದು ಟಿಎಂಸಿಯಲ್ಲೇ ಲೆಕ್ಕ ಸಿಗುವುದರಿಂದ ಎಲ್ಲರಿಗೂ ಗೊತ್ತು. ಕಟ್ಟಿದಾಗ ಜಲಾಶಯದ ಸಾಮರ್ಥ್ಯ 132 ಟಿಎಂಸಿಗಿಂತ ತುಸು ಹೆಚ್ಚು. 2008ರ ಸಮೀಕ್ಷೆಯಲ್ಲಿ ಅದು 100.855ಕ್ಕೆ ಇಳಿದಿತ್ತು. 2016ರ ಸಮೀಕ್ಷೆ 105.788 ಎಂದಿತು. ಎಂಟು ವರ್ಷಗಳಲ್ಲಿ ಸುಮಾರು 5 ಟಿಎಂಸಿ ಜಾಗದ ಹೂಳು ತಾನಾಗಿ ಎದ್ದುಹೋಗಿರಲಾರದು, ಬದಲಾದದ್ದು ಅಳತೆ. ದೋಣಿಯಿಂದ ಶಬ್ದದ ಅಲೆ ಕಳಿಸಿ, ತಳಕ್ಕೆ ಬಡಿದು ಮರಳುವ ಹೊತ್ತನ್ನು ಎಣಿಸಿ ಆಳ ಕಂಡುಹಿಡಿಯುತ್ತಾರೆ. ಎಷ್ಟು ಹತ್ತಿರ ಹತ್ತಿರದ ಸಾಲುಗಳಲ್ಲಿ ಅಳೆದರು, ನೀರು ಇಳಿದ ಜಾಗವನ್ನು ಹೇಗೆ ಲೆಕ್ಕ ಹಿಡಿದರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಮೂರು ರಾಜ್ಯಗಳು ಹನಿಹನಿಗೂ ಲೆಕ್ಕ ಕೇಳುವ ಜಲಾಶಯದಲ್ಲಿ ಇದು ಸಣ್ಣ ಸಂಗತಿಯಲ್ಲ. ನವಲಿಯಲ್ಲಿ ಸಮತೋಲನ ಜಲಾಶಯ ಬೇಕೆಂಬ ಬೇಡಿಕೆ ಹುಟ್ಟಿದ್ದೇ ಈ ಹೂಳಿನ ಲೆಕ್ಕದಿಂದ.

ಇಲ್ಲಿ ಕೂತ ಮಣ್ಣು ಇನ್ನೆಲ್ಲೋ ಇಲ್ಲವಾಗಿದೆ ಎಂಬುದನ್ನು ಮಾತ್ರ ನಾವು ಯೋಚಿಸುವುದು ಕಡಿಮೆ. ತುಂಗಭದ್ರೆ ಕೃಷ್ಣೆಯನ್ನು ಸೇರಿ, ಕೃಷ್ಣೆ ಬಂಗಾಳ ಕೊಲ್ಲಿ ಸೇರುವಲ್ಲಿ ಸಾವಿರಾರು ವರ್ಷಗಳಿಂದ ಮಣ್ಣು ಪೇರಿಸುತ್ತಾ ಬಂದು ಒಂದು ಫಲವತ್ತಾದ ಮುಖಜಭೂಮಿ ಕಟ್ಟಿದೆ. 2009ರಲ್ಲಿ ಜೇಮ್ಸ್ ಸಿವಿಟ್ಸ್ಕಿ ಮತ್ತು ಸಂಗಡಿಗರು ‘ನೇಚರ್ ಜಿಯೋಸೈನ್ಸ್’ ಪತ್ರಿಕೆಯಲ್ಲಿ ಜಗತ್ತಿನ ಕುಸಿಯುತ್ತಿರುವ ಮುಖಜಭೂಮಿಗಳ ಪಟ್ಟಿ ಕೊಟ್ಟರು. ಕೃಷ್ಣೆಯ ಹೆಸರು ಅದರಲ್ಲಿತ್ತು. ಅದಕ್ಕೆ ತಲುಪುವ ಮಣ್ಣು ಶೇ 90ಕ್ಕಿಂತ ಹೆಚ್ಚು ಕಡಿತಗೊಂಡಿದೆ ಎಂದಿತ್ತು ಲೆಕ್ಕ. ಆಲಮಟ್ಟಿ, ಶ್ರೀಶೈಲ, ನಾಗಾರ್ಜುನಸಾಗರಗಳ ಜೊತೆ ನಮ್ಮ ಅಣೆಕಟ್ಟೆಯ ಪಾಲೂ ಅದರಲ್ಲಿದೆ. ಕೊಪ್ಪಳದಿಂದ ಸಮುದ್ರ ನೂರಾರು ಕಿಲೊಮೀಟರ್ ದೂರ. ಆದರೂ ಇಲ್ಲಿ ತಡೆಹಿಡಿದದ್ದರ ಲೆಕ್ಕ ಅಲ್ಲಿನ ಕಡಲತೀರದಲ್ಲಿ ಸಿಗುತ್ತದೆ.

ಅಣೆಕಟ್ಟೆಯ ಕೆಳಗೆ ನದಿ ಮತ್ತೆ ನದಿಯಾಗುವ ಬಂಡೆಗಲ್ಲಿನ ಹರವಿನಲ್ಲಿ ಇನ್ನೊಂದು ಬಗೆಯ ಅಧ್ಯಯನ ನಡೆದಿದೆ. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿತು. ದೇಶದಲ್ಲಿ ನೀರುನಾಯಿಗಾಗಿಯೇ ಮೀಸಲಿಟ್ಟ ಮೊದಲ ಪ್ರದೇಶ ಇದು. ನೀರುನಾಯಿ ಮೀನು ತಿಂದು ಬದುಕುವ ಪ್ರಾಣಿ, ಮೀನಿಗೆ ಬೇಕಾದದ್ದು ಉಸಿರಾಡುವ ನೀರು. ಸಿಡಿಮದ್ದು ಹಾಕಿ ಮೀನು ಹಿಡಿಯುವ ಕಡೆ, ಮರಳು ಬಗೆದ ಕಡೆ ಅದು ನಿಲ್ಲುವುದಿಲ್ಲ. ಬಂಡೆಯ ಮೇಲೆ ಅದರ ಲದ್ದಿ ಕಂಡರೆ ಹೊಳೆ ಇನ್ನೂ ಜೀವಂತವಿದೆ ಎಂದು ಧೈರ್ಯ ತಂದುಕೊಳ್ಳಬಹುದು. ಜಲಾಶಯದೊಳಗಿನ ಮೀನಿನ ಕಥೆ ಇಷ್ಟು ಸಮಾಧಾನದ್ದಲ್ಲ. ಅಲವಿ ಎಂಬ ದೈತ್ಯ ಎಳೆಬಲೆ ಮರಿಗಳನ್ನೂ ಬಿಡದೆ ಬಾಚುತ್ತದೆಂದು ವಿ.ವಿ. ಸುಗುಣನ್ 1995ರಲ್ಲೇ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಗೆ ಬರೆದ ಭಾರತದ ಜಲಾಶಯಗಳ ಗ್ರಂಥದಲ್ಲಿ ಎಚ್ಚರಿಸಿದ್ದರು.

ಎಡದಂಡೆ ಕಾಲುವೆ ಹಿಡಿದು ಗಂಗಾವತಿ, ಕಾರಟಗಿ ಕಡೆ ಬಂದರೆ ನೀರು ಹೆಚ್ಚಾದದ್ದೇ ಕಾಯಿಲೆ. ಯೋಜನೆ ಮಾಡಿದವರು ಇಲ್ಲಿ ಹೆಚ್ಚಿನ ಜಮೀನಿಗೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ನಿಗದಿ ಮಾಡಿದ್ದರು. ಕಾಲುವೆಯ ಮೇಲ್ಭಾಗದವರು ಭತ್ತ ಹಿಡಿದರು, ಸೋನಾ ಮಸೂರಿ ಊರಿಗೆ ಹೆಸರು ತಂದಿತು, ಕೊನೆಭಾಗದ ಸಿಂಧನೂರು, ಮಾನ್ವಿ, ರಾಯಚೂರಿನ ರೈತರು ಕಾಲುವೆ ಕಾಯುವಂತಾಯಿತು. ಈ ಕಾಲುವೆಯ ನೀರಿನ ರಾಜಕಾರಣವನ್ನು 1990ರ ದಶಕದಲ್ಲಿ ಇಲ್ಲೇ ಇದ್ದು ಅಭ್ಯಾಸ ಮಾಡಿದ ಡಚ್ ಸಂಶೋಧಕ ಪೀಟರ್ ಮೊಲಿಂಗ ಅವರ ಪುಸ್ತಕ ನೀರಾವರಿ ಓದುವವರಿಗೆಲ್ಲ ಪಠ್ಯ. ಭೂಮಿಯೊಳಗಿನ ಕಥೆ ಹೇಳಬೇಕಾದವರು ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದವರು. ಕರಿಮಣ್ಣಿನಲ್ಲಿ ವರ್ಷಗಟ್ಟಲೆ ನೀರು ನಿಲ್ಲಿಸಿದರೆ ಅಂತರ್ಜಲ ಮೇಲೇರುತ್ತದೆ. ಬೇರಿನ ಹತ್ತಿರ ಬಂದ ನೀರು ಬಿಸಿಲಿಗೆ ಆವಿಯಾಗಿ ಉಪ್ಪು ಮಾತ್ರ ಮಣ್ಣಿನ ಮೇಲೆ ಬಿಳಿಯಾಗಿ ಉಳಿಯುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹೀಗೆ ಸವುಳು-ಜವಳಾದ ಜಮೀನು ಸುಮಾರು 96,000 ಹೆಕ್ಟೇರ್ ಎಂದು ಅಂದಾಜು. ಭೂಮಿಯಡಿ ಬಸಿಗಾಲುವೆ ಹಾಕುವ ಪ್ರಯೋಗ, ಉಪ್ಪು ತಡೆಯುವ ‘ಗಂಗಾವತಿ ಸೋನಾ’ ಭತ್ತದ ತಳಿ ಈ ಕೇಂದ್ರದ ಕೆಲಸ. ತಳಿ ಬಂದದ್ದು ಒಳ್ಳೆಯದೇ. ಆದರೆ ಉಪ್ಪಿಗೆ ಒಗ್ಗುವ ತಳಿ ಸಿಕ್ಕಿತೆಂದು ಉಪ್ಪು ಬೆಳೆಸುವ ನೀರಾವರಿಯನ್ನೇ ಮುಂದುವರಿಸುವುದು ನನಗೆ ಒಪ್ಪಿಗೆಯಾಗದ ಮಾತು.

ಈಗ ಬಡಗಣಕ್ಕೆ, ಕುಷ್ಟಗಿ, ಯಲಬುರ್ಗಾದ ಬಯಲಿಗೆ ಬರೋಣ. ಜಲಾಶಯ ತುಂಬುವ ಮಳೆ ಆಗುಂಬೆ, ಶೃಂಗೇರಿಯ ಮಳೆ. ಇಲ್ಲಿಯದು ಘಟ್ಟದ ಮಳೆನೆರಳಿನಲ್ಲಿ ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಬೀಳುವ ಮಳೆ, ಅದರಲ್ಲೂ ಸೆಪ್ಟೆಂಬರಿನದೇ ದೊಡ್ಡ ಪಾಲು. ಆಕಾಶ ನೋಡುವ ವಿಜ್ಞಾನದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. 1988ರಲ್ಲೇ ಬರದ ಉಸ್ತುವಾರಿಗೆಂದು ಪ್ರತ್ಯೇಕ ಘಟಕ ತೆರೆದ ರಾಜ್ಯವಿದು; ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ತಾವರಗೇರಾದಲ್ಲಿ ಎಷ್ಟು ಮಳೆ, ಹನುಮಸಾಗರದಲ್ಲಿ ಎಷ್ಟು ಮಳೆ ಎಂಬುದು ಬೆಂಗಳೂರಿಗೆ ನಿಮಿಷಗಳಲ್ಲಿ ಗೊತ್ತಾಗುತ್ತದೆ. ಗಾಳಿಯ ಗುಣಮಟ್ಟಕ್ಕೆ ಅಷ್ಟು ದಟ್ಟವಾದ ಜಾಲ ಬೇಡವೇ? ಕಾರ್ಖಾನೆಗಳಿರುವ ಗಿಣಿಗೇರಿ ಸುತ್ತಲಿನ ಹಳ್ಳಿಗಳ ಜನ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಯ ಕಪ್ಪು ತೋರಿಸಿ ವರ್ಷಗಳಿಂದ ಕೇಳುತ್ತಿರುವುದು ಇದನ್ನೇ. 2025ರ ಫೆಬ್ರುವರಿ 24ರಂದು ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು ಕೊಪ್ಪಳ ಬಂದ್ ಆಯಿತು, ಗವಿಮಠದ ಸ್ವಾಮೀಜಿಯೇ ಬೀದಿಗೆ ಬಂದರು.

ಮಳೆ ಕಡಿಮೆಯಾದ ಕಡೆ ಕಣ್ಣು ಹೋಗುವುದು ನೆಲದಡಿಗೆ. ಅಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಕುಷ್ಟಗಿ-ಇಳಕಲ್ ಸೀಮೆಯ ಕೆಂಪು ಕಲ್ಲು ಹೊಳಪು ಹಾಕಿಸಿಕೊಂಡು ಹೊರದೇಶಗಳ ಮಹಲುಗಳಿಗೆ ಹೋಗುತ್ತದೆ. ಇನ್ನು ಹಂಪಿ-ಆನೆಗೊಂದಿಯ ಗುಂಡುಕಲ್ಲಿನ ಬೆಟ್ಟಗಳು ರಾಮನಗರದಿಂದ ಉತ್ತರಕ್ಕೆ ಹಬ್ಬಿದ, 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟೆ ಗ್ರಾನೈಟ್ ಸಾಲಿನ ಉತ್ತರದ ತುದಿಯ ಭಾಗ. ಇಂಥ ಶಿಲೆಯಲ್ಲಿ ಮಿಂಚುವ ಕರಿ ಅಭ್ರಕದ ಪದರ, ಅಪಟೈಟ್, ಫ್ಲೋರೈಟ್ ಎಂಬ ಖನಿಜಗಳಲ್ಲಿ ಫ್ಲೋರೈಡ್ ಅಡಗಿರುತ್ತದೆ. ನೀರು ಬಿರುಕುಗಳಲ್ಲಿ ವರ್ಷಾನುಗಟ್ಟಲೆ ಕೂತು ಕಲ್ಲಿನೊಡನೆ ಸಂಪರ್ಕದಲ್ಲಿದ್ದಷ್ಟೂ ಅದು ಕರಗಿ ಬರುತ್ತದೆ. ಒಣಸೀಮೆಯಲ್ಲಿ ನೀರಿನ ಕ್ಯಾಲ್ಸಿಯಂ ಸುಣ್ಣದ ಗಡ್ಡೆಯಾಗಿ ಮಣ್ಣಿನಲ್ಲೇ ಉಳಿದುಬಿಡುತ್ತದೆ. ಫ್ಲೋರೈಡನ್ನು ಹಿಡಿದಿಡಬಲ್ಲ ಕ್ಯಾಲ್ಸಿಯಂ ಇಲ್ಲದೆ ಹೋದಾಗ, ನೀರು ಕ್ಷಾರೀಯವಾಗಿ ಸೋಡಾದ ಗುಣ ಪಡೆದಾಗ ಫ್ಲೋರೈಡ್ ಇನ್ನೂ ಸಲೀಸಾಗಿ ಕರಗುತ್ತದೆ. ಹಾಗಾಗಿ ನಾಲಿಗೆಗೆ ಮೆದು ಎನ್ನಿಸುವ, ಬೇಳೆ ಚೆನ್ನಾಗಿ ಬೇಯಿಸುವ ಬೋರ್ ನೀರಿನಲ್ಲೇ ಅದು ಹೆಚ್ಚಿರಬಹುದು. ಗಡಸು ನೀರು ಕೆಟ್ಟದ್ದು, ಸಿಹಿ ನೀರು ಒಳ್ಳೆಯದು ಎಂಬ ನಮ್ಮ ಹಿರಿಯರ ಲೆಕ್ಕ ಫ್ಲೋರೈಡಿನ ಮುಂದೆ ಕೈಕೊಡುತ್ತದೆ.

ದೇಶದಲ್ಲಿ ಈ ಕಾಯಿಲೆ ಗುರುತಾದದ್ದು 1930ರ ದಶಕದಲ್ಲಿ, ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಎತ್ತುಗಳ ಕೀಲು ಬಿಗಿದು ನಡೆಯಲಾರದೆ ಹೋದದ್ದನ್ನು ಮೊದಲು ಗಮನಿಸಿದವರು ರೈತರು ಎನ್ನುತ್ತಾರೆ. 1937ರಲ್ಲಿ ವೈದ್ಯವಿಜ್ಞಾನಿ ಎಚ್.ಇ. ಶಾರ್ಟ್ ಮತ್ತು ಸಂಗಡಿಗರು ಮನುಷ್ಯರಲ್ಲಿ ಅದನ್ನು ದಾಖಲಿಸಿದರು. ಎಂಟು ವರ್ಷದೊಳಗೆ, ಹಲ್ಲು ಒಸಡಿನೊಳಗೇ ರೂಪುಗೊಳ್ಳುವ ಕಾಲದಲ್ಲಿ, ಹೆಚ್ಚು ಫ್ಲೋರೈಡ್ ಕುಡಿದ ಮಗುವಿನ ಹಲ್ಲಿನಲ್ಲಿ ಮೊದಲು ಸುಣ್ಣದ ಗೆರೆಗಳು, ಆಮೇಲೆ ಹಳದಿ, ಕಂದು ಪಟ್ಟಿ ಕಾಣುತ್ತವೆ. ತಿಕ್ಕಿದರೆ ಹೋಗುವುದಿಲ್ಲ, ಏಕೆಂದರೆ ಅದು ಹಲ್ಲಿನ ಮೇಲಿನ ಕೊಳೆಯಲ್ಲ, ಹಲ್ಲಿನೊಳಗಿನ ದೋಷ. ಮದುವೆ ಮಾತುಕತೆಯ ಹೊತ್ತಿಗೆ ಬಾಯಿಗೆ ಸೆರಗು ಮುಚ್ಚಿ ನಗುವ ಹುಡುಗಿಯರಿಗೆ ‘ಹಲ್ಲು ಸರಿಯಾಗಿ ಉಜ್ಜಿಲ್ಲ’ ಎಂಬ ಮಾತು ಕೇಳಬೇಕಾಗುವುದು ಎಷ್ಟು ಅನ್ಯಾಯ! ವರ್ಷಗಟ್ಟಲೆ ಇನ್ನೂ ಹೆಚ್ಚಿನ ಪ್ರಮಾಣ ಒಳಗೆ ಹೋದರೆ ಎಲುಬಿಗೆ ಇಳಿಯುತ್ತದೆ. ಕುತ್ತಿಗೆ ತಿರುಗದು, ಬೆನ್ನು ಬಾಗದು, ಕೂತವರು ಏಳಲು ನೆಲಕ್ಕೆ ಕೈಯೂರಬೇಕು. ಎಷ್ಟೋ ಮನೆಗಳಲ್ಲಿ ಇದನ್ನು ‘ವಾಯು’ ಎಂದು ಎಣ್ಣೆ ತಿಕ್ಕಿಕೊಂಡೇ ಕಾಲ ಕಳೆದಿದ್ದಾರೆ.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಭಾರತೀಯ ಮಾನಕದಲ್ಲಿ 1 ಮಿಲಿಗ್ರಾಂ ಒಪ್ಪತಕ್ಕದ್ದು, ಬೇರೆ ದಾರಿಯೇ ಇಲ್ಲದಾಗ 1.5ರ ತನಕ. ದೊಡ್ಡವರು ದಿನಕ್ಕೆ ಎರಡು ಲೀಟರ್ ಕುಡಿಯುತ್ತಾರೆಂದು ಹಿಡಿದರೆ 1.5ರ ನೀರಿನಿಂದ ಒಳಗೆ ಹೋಗುವುದು 3 ಮಿಲಿಗ್ರಾಂ. ಮೇ ತಿಂಗಳಲ್ಲಿ ಯಲಬುರ್ಗಾದ ಎರೆಹೊಲದಲ್ಲಿ ಉದ್ಯೋಗ ಖಾತ್ರಿಯ ಗುಂಡಿ ತೋಡುವ ಹೆಣ್ಣುಮಗಳು ಆರು ಲೀಟರ್ ಕುಡಿದರೆ ಅದೇ ‘ಸುರಕ್ಷಿತ’ ನೀರಿನಿಂದ 9 ಮಿಲಿಗ್ರಾಂ. ಹವಾಮಾನ ಮತ್ತು ಕುಡಿಯುವ ಪ್ರಮಾಣ ನೋಡಿ ದೇಶಗಳು ತಮ್ಮ ಮಿತಿ ತೀರ್ಮಾನಿಸಿಕೊಳ್ಳಬೇಕೆಂದು ಆ ಸಂಸ್ಥೆಯೇ ಹೇಳಿದೆ. ತಣ್ಣನೆಯ ಕೋಣೆಯಲ್ಲಿ ಕೂತು ಬರೆದ ಸಂಖ್ಯೆಯನ್ನು ನಲವತ್ತು ಡಿಗ್ರಿ ಬಿಸಿಲಿನ ಊರಿಗೆ ಹಾಗೆಯೇ ತರುವುದು ಸರಿಯಲ್ಲ.

ಇನ್ನೊಂದು ಅಧ್ಯಯನವನ್ನು ನಮ್ಮ ಸೀಮೆಯವರು ಓದಿಕೊಳ್ಳಲೇಬೇಕು. ನಾಗಾರ್ಜುನಸಾಗರ ಅಣೆಕಟ್ಟೆಯ ಸುತ್ತಲಿನ ಹಳ್ಳಿಗಳಲ್ಲಿ ಮೊಣಕಾಲು ಒಳಕ್ಕೆ ತಾಗುವ ವಿಕಾರ ಎಳೆಯರಲ್ಲಿ ಕಾಣಿಸಿಕೊಂಡಾಗ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ 1973ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆದರು. ಮುಂದಿನ ಅಧ್ಯಯನಗಳು ತೋರಿಸಿದ ಕೊಂಡಿ ಹೀಗಿತ್ತು: ಅಣೆಕಟ್ಟೆಯಿಂದ ಅಂತರ್ಜಲ ಮೇಲೆದ್ದು ಮಣ್ಣು ಕ್ಷಾರೀಯವಾಯಿತು, ಜೋಳ ಹೆಚ್ಚು ಮಾಲಿಬ್ಡಿನಂ ಹೀರಿಕೊಂಡಿತು, ಅದು ದೇಹದ ತಾಮ್ರವನ್ನು ಕಳೆಯಿತು, ಫ್ಲೋರೈಡ್ ಜೊತೆ ಸೇರಿ ಎಲುಬು ಬಾಗಿತು. ಜೋಳದ ರೊಟ್ಟಿ, ಗ್ರಾನೈಟ್ ನೆಲ, ದೊಡ್ಡ ಅಣೆಕಟ್ಟೆ ಮೂರೂ ನಮ್ಮಲ್ಲಿವೆ. ಇದೇ ಸಂಸ್ಥೆಯ ಅರ್ಜುನ್ ಖಂಡಾರೆ ಮತ್ತು ಸಂಗಡಿಗರು 2002ರಲ್ಲಿ ಶಾಲಾ ಹುಡುಗರ ಊಟಕ್ಕೆ ಹುಣಸೆಹಣ್ಣು ಸೇರಿಸಿ ನೋಡಿದಾಗ ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಾಗಿತ್ತು. ಹುಣಸೆ ಮದ್ದಲ್ಲ, ನೀರು ಬದಲಿಸುವುದಕ್ಕೆ ಪರ್ಯಾಯವೂ ಅಲ್ಲ. ಆದರೂ ನಮ್ಮ ಅಡುಗೆಮನೆಯ ಹುಳಿ ಪ್ರಯೋಗಾಲಯದ ಪರೀಕ್ಷೆಯಲ್ಲಿ ಪಾಸಾದದ್ದು ಸಂತೋಷದ ಸುದ್ದಿ.

ಪರಿಹಾರಗಳೂ ಇವೆ. ಪಟಿಕ, ಸುಣ್ಣ ಹಾಕಿ ತಿಳಿಗೊಳಿಸುವ ನಲ್ಗೊಂಡ ವಿಧಾನವನ್ನು ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲೇ ಕೊಟ್ಟಿತು. ಈಗ ಊರೂರಿಗೂ ಶುದ್ಧ ನೀರಿನ ಘಟಕ; ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಅಲ್ಲೂ ಎರಡು ಸಂಗತಿ ಗಮನಿಸಬೇಕು. ಕುಡಿಯಲು ಕ್ಯಾನಿನ ನೀರು, ಅಡುಗೆಗೆ ಬೋರ್ ನೀರು ಎಂಬ ರೂಢಿಯಲ್ಲಿ ಅನ್ನ, ಸಾರು, ಚಹಾದ ಮೂಲಕ ಫ್ಲೋರೈಡ್ ಒಳಗೆ ಹೋಗುತ್ತಲೇ ಇರುತ್ತದೆ. ಚಹಾಪುಡಿಯಲ್ಲೇ ಅದು ಬೇರೆ ಇದೆ. ಘಟಕ ಹೊರಚೆಲ್ಲುವ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ದಟ್ಟ. ಅದು ಚರಂಡಿಯಲ್ಲಿ ಹರಿದು ಅದೇ ಊರಿನ ನೆಲಕ್ಕೆ ಇಂಗುತ್ತದೆ, ದನಗಳೂ ಕುಡಿಯುತ್ತವೆ. ಕೃಷ್ಣಾ ನದಿಯ ನೀರನ್ನು ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಗೆ ಕೊಳವೆಯಲ್ಲಿ ತರುವ ಬಹುಗ್ರಾಮ ಯೋಜನೆಯೇ ದೊಡ್ಡ ಭರವಸೆ, ಏಕೆಂದರೆ ಹರಿಯುವ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಕೆರೆಯ ನೀರಿಗೂ ಅದೇ ಮಾತು. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯ ಮುಂದಾಳತ್ವದಲ್ಲಿ ಜನ ಹಿರೇಹಳ್ಳವನ್ನು ಇಪ್ಪತ್ತು ಕಿಲೊಮೀಟರಿಗೂ ಹೆಚ್ಚು ದೂರ ಸ್ವಚ್ಛ ಮಾಡಿದರು; ಕುಷ್ಟಗಿ ತಾಲ್ಲೂಕಿನ ನಿಡಶೇಸಿ ಕೆರೆಯ ಹೂಳೂ ಜನರ ಕೈಯಿಂದಲೇ ಎದ್ದಿತು. ಮಳೆನೀರು ಇಂಗಿದ ಕಡೆ ಬೋರಿನ ಫ್ಲೋರೈಡ್ ತಿಳಿಯಾಗಬಹುದು. ಆಯಿತೇ, ಎಷ್ಟು ಆಯಿತು ಎಂದು ವರ್ಷ ವರ್ಷ ಅಳೆದು ಬರೆದಿಡುವ ಕೆಲಸವನ್ನು ಹೂಳೆತ್ತಿದ ಅದೇ ಶ್ರದ್ಧೆಯಿಂದ ಮಾಡಬೇಕಾಗಿದೆ.

ಅಳೆಯುವುದು ಈಗ ಕಷ್ಟವೂ ಅಲ್ಲ. ಜಲಜೀವನ ಮಿಷನ್ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡುವ ವ್ಯವಸ್ಥೆ ಮಾಡಿದೆ. ಫ್ಲೋರೈಡಿಗೆ ಬಳಸುವ ಒಂದು ಬಗೆಯ ದ್ರಾವಣ ನೀರಿಗೆ ಬಿದ್ದಾಗ ಗುಲಾಬಿ ಬಣ್ಣ ಬರುತ್ತದೆ. ಫ್ಲೋರೈಡ್ ಹೆಚ್ಚಿದ್ದಷ್ಟೂ ಆ ಗುಲಾಬಿ ಪೇಲವವಾಗಿ ಹಳದಿಗೆ ತಿರುಗುತ್ತದೆ. ಬಣ್ಣದ ಪಟ್ಟಿಯ ಪಕ್ಕ ನಳಿಕೆ ಹಿಡಿದು ಬಿಸಿಲಿಗೆ ನೋಡಿದರೆ ಅಂದಾಜು ಸಂಖ್ಯೆ ಸಿಕ್ಕಿತು. ಆ ಸಂಖ್ಯೆಯನ್ನು ಪಂಚಾಯಿತಿ ಗೋಡೆಯ ಮೇಲೆ, ಬೋರ್‌ವೆಲ್ಲಿನ ಹೆಸರಿನ ಎದುರು, ದಿನಾಂಕದ ಸಮೇತ ಬರೆಯಬೇಕೆಂಬುದು ನನ್ನ ಬೇಡಿಕೆ. ಡ್ಯಾಮಿನ ಮಟ್ಟ ಹೇಳುವ ಬೆಳಗಿನ ಸಂದೇಶದಲ್ಲೇ ಜಲಾಶಯದ ನೀರಿನ ಪಾರದರ್ಶಕತೆ, ಆಮ್ಲಜನಕ, ಪಾಚಿಯ ಸ್ಥಿತಿಗೆ ಇನ್ನೊಂದು ಸಾಲು ಸೇರಿಸಲು ಯಾವ ಹೊಸ ಕಾನೂನೂ ಬೇಕಿಲ್ಲ.

ನಿಮ್ಮೂರಿನ ನೀರನ್ನು ಕೊಪ್ಪಳದ ಜಿಲ್ಲಾ ಪ್ರಯೋಗಾಲಯಕ್ಕೆ ಒಯ್ಯುವುದಾದರೆ ಗಾಜಿನ ಸೀಸೆ ಬೇಡ, ಶುಭ್ರವಾದ ಪ್ಲಾಸ್ಟಿಕ್ ಬಾಟಲಿ ಇರಲಿ. ಫ್ಲೋರೈಡ್ ಗಾಜಿನೊಡನೆ ವರ್ತಿಸಿ ಲೆಕ್ಕ ತಪ್ಪಿಸಬಹುದು. ಮೋಟಾರು ಹಚ್ಚಿ ಕೆಲವು ನಿಮಿಷ ನೀರು ಹರಿಯಲು ಬಿಡಿ. ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಸಲ ಗಲಬರಿಸಿ ಬಾಯಿಮಟ್ಟ ತುಂಬಿ. ಬೋರ್‌ವೆಲ್ ಇರುವ ಜಾಗ, ಅದರ ಆಳ, ದಿನಾಂಕ ಚೀಟಿಯಲ್ಲಿ ಬರೆದು ಅಂಟಿಸಿ. ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ನವೆಂಬರಿನಲ್ಲಿ ಇನ್ನೊಮ್ಮೆ ಕೊಡಿ. ಎರಡೂ ಸಂಖ್ಯೆಗಳನ್ನು ಶಾಲೆಯ ಮುಖ್ಯೋಪಾಧ್ಯಾಯರಿಗೂ ಅಂಗನವಾಡಿಯವರಿಗೂ ತಿಳಿಸಿ. ಹಲ್ಲು ಇನ್ನೂ ಮೂಡುತ್ತಿರುವ ಮಕ್ಕಳು ಕುಡಿಯುವುದು ಅಲ್ಲಿಯ ನೀರನ್ನು.